ಕಯೋಟಿಯ ಜಾಡಿನಲ್ಲಿ ಟ್ರ್ಯಾಪ್ ಒಡ್ಡಲು ಜಾಗ ಆರಿಸುವುದು ಹೇಗೆ

ಅಮೆರಿಕ ಮತ್ತು ಕೆನಡಾಗಳಲ್ಲಿ ಕಯೋಟಿ (ತೋಳ, ನಾಯಿಗಳ ಬಳಗದ ಒಂದು ಕಾಡುಪ್ರಾಣಿ) ಹಿಡಿಯುವವರು ಸಾಮಾನ್ಯವಾಗಿ ಅನುಸರಿಸುವ ಕ್ರಮಗಳಲ್ಲಿ ಹೆಚ್ಚಿನವು ಆ ಪ್ರಾಣಿಯ ಮೂಗನ್ನು ನಂಬಿಕೊಂಡಿವೆ. ನೆಲದಲ್ಲಿ ಇಲಿಯ ಬಿಲದಂಥ ಕುಳಿ ತೋಡಿ, ಅದರೊಳಗೆ ಮಾಂಸದ ತುಣುಕನ್ನೋ ವಾಸನೆಯ ದ್ರವವನ್ನೋ ಇಟ್ಟು, ಕುಳಿಯ ಮುಂದೆ ಕಾಲು ಹಿಡಿಯುವ ಟ್ರ್ಯಾಪ್ ಹೂತರೆ, ದಾರಿಯಲ್ಲಿ ಹೋಗುತ್ತಿರುವ ಕಯೋಟಿ ವಾಸನೆ ಹಿಡಿದು ತಾನಾಗಿಯೇ ಅಲ್ಲಿಗೆ ಬರುತ್ತದೆ. ಜಾಗ ನಾಲ್ಕಾರು ಅಡಿ ಆಚೀಚೆಯಾದರೂ ಕೆಲಸ ಕೆಡುವುದಿಲ್ಲ. ಜಾಡಿನ ಮೇಲೆಯೇ ಒಡ್ಡುವ ಟ್ರ್ಯಾಪಿಗೆ ಈ ಅನುಕೂಲವಿಲ್ಲ. ಅಲ್ಲಿ ಆಮಿಷವೂ ಇರುವುದಿಲ್ಲ, ವಾಸನೆಯೂ ಇರುವುದಿಲ್ಲ. ಪ್ರಾಣಿ ತನ್ನ ಪಾಡಿಗೆ ತಾನು ನಡೆದುಹೋಗುವಾಗ ಅದರ ಪಾದ ಎಲ್ಲಿ ಬೀಳುತ್ತದೆ ಎಂಬುದನ್ನು ಮೊದಲೇ ಊಹಿಸಿ, ತುಳಿದರೆ ಟ್ರ್ಯಾಪಿನ ದವಡೆಗಳು ಮುಚ್ಚಿಕೊಳ್ಳುವ, ಅಂಗೈಗಿಂತ ಚಿಕ್ಕದಾದ ಒಂದು ತಟ್ಟೆಯನ್ನು ಸರಿಯಾಗಿ ಆ ಪಾದದ ಕೆಳಗೆ ಬರುವಂತೆ ಇಡಬೇಕಾಗುತ್ತದೆ. ಆದ್ದರಿಂದ ಈ ಕ್ರಮದಲ್ಲಿ ಕೈಚಳಕಕ್ಕಿಂತ ಜಾಗದ ಆಯ್ಕೆಯೇ ದೊಡ್ಡದು.

ಇಷ್ಟು ಕಷ್ಟದ ಕ್ರಮವನ್ನು ಯಾರಾದರೂ ಏಕೆ ಹಿಡಿಯಬೇಕು ಎಂಬ ಪ್ರಶ್ನೆಗೆ ಉತ್ತರ ಕುರಿ ಸಾಕುವವರ ಬಳಿ ಇದೆ. ಮರಿ ಹಾಕುವ ಕಾಲದಲ್ಲಿ ಮಂದೆಗೆ ನುಗ್ಗುವ ಕಯೋಟಿಗಳಲ್ಲಿ ಕೆಲವು ಹಿಂದೊಮ್ಮೆ ಟ್ರ್ಯಾಪಿನಿಂದ ತಪ್ಪಿಸಿಕೊಂಡಿರುತ್ತವೆ ಅಥವಾ ಜೊತೆಗಾರ ಪ್ರಾಣಿ ಸಿಕ್ಕಿಬಿದ್ದುದನ್ನು ಕಂಡಿರುತ್ತವೆ. ಅಂಥವು ಹೊಸ ವಾಸನೆ ಬಂದ ಕಡೆ ದೂರದಿಂದಲೇ ಸುತ್ತುಹಾಕಿ ಹೋಗಿಬಿಡುತ್ತವೆ. ಆದರೆ ಎಷ್ಟು ಅನುಭವಿಯಾದ ಕಯೋಟಿಯೂ ನಡೆಯುವುದನ್ನು ಬಿಡಲಾರದು, ನಡೆಯುವಾಗ ಸುಲಭದ ದಾರಿಯನ್ನೂ ಸುಮ್ಮನೆ ಬಿಡುವುದಿಲ್ಲ. ಜೊತೆಗೆ, ವಾಸನೆ ಇಲ್ಲದಿರುವುದರಿಂದ ಸ್ಕಂಕ್, ರಕೂನ್, ಊರನಾಯಿಗಳನ್ನು ದೂರದಿಂದ ಕರೆದು ತಂದಂತೆಯೂ ಆಗುವುದಿಲ್ಲ. ಇದರ ಇನ್ನೊಂದು ಮುಖವೂ ಇದೆ: ಆಮಿಷವಿಲ್ಲದ ಟ್ರ್ಯಾಪ್ ಪ್ರಾಣಿಗಳಲ್ಲಿ ಭೇದ ಮಾಡುವುದಿಲ್ಲ, ಆ ದಾರಿಯಲ್ಲಿ ಯಾರ ಕಾಲು ಬಿದ್ದರೂ ಅದು ಮುಚ್ಚಿಕೊಳ್ಳಬಹುದು. ಹಾಗಾಗಿ ಆ ದಾರಿಯಲ್ಲಿ ಕಯೋಟಿ ಓಡಾಡುತ್ತದೆಯೇ ಎಂದು ಕೇಳಿದರೆ ಸಾಲದು; ಬೇರೆ ಯಾರು ಓಡಾಡುತ್ತಾರೆ ಎಂದೂ ಅಷ್ಟೇ ಗಂಭೀರವಾಗಿ ಕೇಳಬೇಕು.

ಮೊದಲು ಕಾನೂನು

ಹೊಲಕ್ಕೆ ಹೋಗುವ ಮುನ್ನ ಆಯಾ ರಾಜ್ಯದ ಅಥವಾ ಪ್ರಾಂತ್ಯದ ಆ ವರ್ಷದ ನಿಯಮಪುಸ್ತಿಕೆಯನ್ನು ಓದಲೇಬೇಕು, ಏಕೆಂದರೆ ಒಂದು ರಾಜ್ಯದಲ್ಲಿ ಮಾಮೂಲಾದದ್ದು ಪಕ್ಕದ ರಾಜ್ಯದಲ್ಲಿ ಅಪರಾಧವಾಗಿರಬಹುದು. ಕೊಲರಾಡೊ ಮತ್ತು ಮ್ಯಾಸಚೂಸೆಟ್ಸ್‌ಗಳಲ್ಲಿ 1996ರಲ್ಲಿ, ಕ್ಯಾಲಿಫೋರ್ನಿಯದಲ್ಲಿ 1998ರಲ್ಲಿ, ವಾಷಿಂಗ್ಟನ್ ರಾಜ್ಯದಲ್ಲಿ 2000ದಲ್ಲಿ ಮತದಾರರೇ ಕಾಲು ಹಿಡಿಯುವ ಟ್ರ್ಯಾಪ್‌ಗಳ ಬಳಕೆಯನ್ನು ಬಹಳ ಮಟ್ಟಿಗೆ ನಿರ್ಬಂಧಿಸಿದರು. ಅರಿಜೋನದಲ್ಲಿ 1994ರ ಮತದಾನವೂ ನ್ಯೂ ಮೆಕ್ಸಿಕೊದಲ್ಲಿ 2021ರಲ್ಲಿ ಅಂಗೀಕೃತವಾದ ಕಾಯಿದೆಯೂ ಸಾರ್ವಜನಿಕ ಭೂಮಿಯಲ್ಲಿ ಟ್ರ್ಯಾಪ್ ಒಡ್ಡುವುದಕ್ಕೆ ಅಡ್ಡಿ ಹಾಕಿವೆ. ಅನುಮತಿ ಇರುವ ರಾಜ್ಯಗಳಲ್ಲಿಯೂ ಲೈಸೆನ್ಸು, ಹಂಗಾಮು, ದವಡೆಯ ಅಗಲದ ಮಿತಿ, ಟ್ರ್ಯಾಪಿಗೆ ಕಟ್ಟಬೇಕಾದ ಹೆಸರಿನ ಬಿಲ್ಲೆ, ರಸ್ತೆ ಮತ್ತು ಮನೆಗಳಿಂದ ಬಿಡಬೇಕಾದ ಅಂತರ, ಎಷ್ಟು ಗಂಟೆಗೊಮ್ಮೆ ಟ್ರ್ಯಾಪ್ ನೋಡಬೇಕೆಂಬುದು, ಇವೆಲ್ಲವೂ ಬೇರೆಬೇರೆಯಾಗಿರುತ್ತವೆ. ನಿಯಮ ಏನೇ ಹೇಳಲಿ, ದಿನಕ್ಕೊಮ್ಮೆ ಬೆಳಗಿನ ಹೊತ್ತಿಗೆ ನೋಡಿಬರಲಾಗದ ಜಾಗವನ್ನು ಆರಿಸಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಖಾಸಗಿ ಜಮೀನಾದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯುವುದು ಒಳ್ಳೆಯದು. ಆ ಮಾತುಕತೆಯಲ್ಲಿಯೇ ಅವರ ನಾಯಿಗಳು ಎಲ್ಲಿಯವರೆಗೆ ತಿರುಗುತ್ತವೆ, ದನಗಳನ್ನು ಯಾವ ವಾರ ಯಾವ ಹುಲ್ಲುಗಾವಲಿಗೆ ಬಿಡುತ್ತಾರೆ, ಪಕ್ಕದ ಜಮೀನಿನವರು ಬೇಟೆನಾಯಿಗಳನ್ನು ತರುತ್ತಾರೆಯೇ ಎಂದು ಕೇಳಿ ತಿಳಿದುಕೊಳ್ಳಬೇಕು.

ಹೆಜ್ಜೆ ಯಾರದು?

ಕಯೋಟಿಯ ಮುಂಗಾಲಿನ ಗುರುತು ಸುಮಾರು ಎರಡೂವರೆ ಇಂಚು ಉದ್ದ, ಎರಡು ಇಂಚು ಅಗಲವಿದ್ದು ಮೊಟ್ಟೆಯಾಕಾರದಲ್ಲಿರುತ್ತದೆ. ಹಿಂಗಾಲಿನದು ಇನ್ನೂ ಸ್ವಲ್ಪ ಚಿಕ್ಕದು. ನಡುವಿನ ಎರಡು ಬೆರಳುಗಳ ಉಗುರುಗಳು ಒಂದಕ್ಕೊಂದು ಹತ್ತಿರವಾಗಿ ಮುಂದಕ್ಕೆ ಚಾಚಿರುತ್ತವೆ, ಪಕ್ಕದ ಬೆರಳುಗಳು ಒಳಕ್ಕೆ ಒತ್ತಿಕೊಂಡಂತಿರುತ್ತವೆ. ನಾಯಿಯ ಗುರುತು ಇದಕ್ಕಿಂತ ದುಂಡಗೆ ಹರಡಿಕೊಂಡಿದ್ದು ಉಗುರುಗಳು ದಪ್ಪವಾಗಿ ಕಾಣುತ್ತವೆ. ಬಾಬ್‌ಕ್ಯಾಟ್ ಎಂಬ ಕಾಡುಬೆಕ್ಕಿನದು ದುಂಡಗಿದ್ದು ಸಾಮಾನ್ಯವಾಗಿ ಉಗುರಿನ ಗುರುತೇ ಇರುವುದಿಲ್ಲ. ಬೂದುತೋಳದ ಹೆಜ್ಜೆ ನಾಲ್ಕು ಇಂಚನ್ನು ಮೀರುವಷ್ಟು ದೊಡ್ಡದಾದ್ದರಿಂದ ಗೊಂದಲಕ್ಕೆ ಆಸ್ಪದ ಕಡಿಮೆ; ಆದರೆ ಉತ್ತರ ಕ್ಯಾರೊಲೈನದ ಪೂರ್ವ ಭಾಗದಲ್ಲಿರುವ, ಅಳಿವಿನಂಚಿನ ಕೆಂಪುತೋಳದಂಥ ಪ್ರಾಣಿಗಳ ವಿಷಯದಲ್ಲಿ ಬರೀ ಹೆಜ್ಜೆಯನ್ನು ನಂಬಿ ತೀರ್ಮಾನಿಸುವುದು ಅಪಾಯಕರ. ತೋಳ, ಕೆನಡಾ ಲಿಂಕ್ಸ್ ಮೊದಲಾದ ರಕ್ಷಿತ ಪ್ರಾಣಿಗಳಿರುವ ಪ್ರದೇಶಗಳಿಗೆ ಪ್ರತ್ಯೇಕ ನಿಯಮಗಳೂ ಇರುತ್ತವೆ.

ಒಂಟಿ ಹೆಜ್ಜೆಗಿಂತ ಹೆಜ್ಜೆಗಳ ಸಾಲು ಹೆಚ್ಚು ಮಾತಾಡುತ್ತದೆ. ನಾಯಿಯು ದಾರಿಯುದ್ದಕ್ಕೂ ಅತ್ತಿತ್ತ ಅಲೆಯುತ್ತ, ಹಿಂದೆ ಬಂದು ಮುಂದೆ ಓಡಿ, ಶಕ್ತಿಯನ್ನು ಪೋಲು ಮಾಡುತ್ತದೆ, ಏಕೆಂದರೆ ಅದಕ್ಕೆ ಸಂಜೆಗೆ ಮನೆಯಲ್ಲಿ ಊಟವಿದೆ. ಕಯೋಟಿಯ ಸಾಲು ದಾರ ಹಿಡಿದು ಎಳೆದಂತೆ ನೇರವಾಗಿರುತ್ತದೆ. ಕುಕ್ಕುಲೋಟದಲ್ಲಿ ಸಾಗುವಾಗ ಹಿಂಗಾಲು ಹಲವು ವೇಳೆ ಮುಂಗಾಲಿನ ಗುರುತಿನ ಮೇಲೆಯೇ ಬೀಳುತ್ತದೆ, ಒಂದು ಗುರುತಿನಿಂದ ಮುಂದಿನದಕ್ಕೆ ಸುಮಾರು ಒಂದೂವರೆ ಅಡಿ ಅಂತರವಿರುತ್ತದೆ. ಈ ಅಂತರವೇ ಜಾಡಿನ ಟ್ರ್ಯಾಪಿಗೆ ದೊಡ್ಡ ತೊಡಕು: ನೇರವಾದ, ಸಮತಟ್ಟಾದ ದಾರಿಯಲ್ಲಿ ಪ್ರತಿ ಒಂದೂವರೆ ಅಡಿಯಲ್ಲಿ ಎರಡು ಇಂಚಿನಷ್ಟು ನೆಲವನ್ನು ಮಾತ್ರ ಅದು ಮುಟ್ಟುತ್ತದೆ, ಉಳಿದದ್ದನ್ನು ದಾಟಿ ಹೋಗುತ್ತದೆ. ಆದ್ದರಿಂದ ಪ್ರಾಣಿ ಸರಾಗವಾಗಿ ಓಡುವ ಜಾಗ ಎಷ್ಟೇ ಹೆಜ್ಜೆಗಳಿಂದ ತುಂಬಿದ್ದರೂ ಟ್ರ್ಯಾಪಿಗೆ ಯೋಗ್ಯವಲ್ಲ. ಅದು ನಿಧಾನಿಸಿ, ಹೆಜ್ಜೆ ಚಿಕ್ಕದು ಮಾಡಿಕೊಂಡು, ಕಾಲಿಡುವ ಜಾಗವನ್ನು ನೋಡಿಕೊಂಡು ನಡೆಯುವ ಕಡೆ ಬೇಕು.

ಹೆಜ್ಜೆಯ ಜೊತೆಗೆ ಹಿಕ್ಕೆಯನ್ನೂ ನೋಡಬೇಕು. ಕೂದಲು, ಮೂಳೆಚೂರು, ಹಣ್ಣಿನ ಬೀಜಗಳಿಂದ ಕೂಡಿ ತುದಿಯಲ್ಲಿ ಚೂಪಾಗಿ ತಿರುಚಿಕೊಂಡ ಹಿಕ್ಕೆಗಳು ದಾರಿಯ ನಡುವೆ, ವಿಶೇಷವಾಗಿ ಎರಡು ದಾರಿಗಳು ಕೂಡುವಲ್ಲಿ, ಬೇರೆಬೇರೆ ವಯಸ್ಸಿನವು ಸಿಕ್ಕರೆ ಅಲ್ಲಿ ಓಡಾಟ ಇಂದು ನಿನ್ನೆಯದಲ್ಲ ಎಂದರ್ಥ. ಒಂದೇ ಒಂದು ತಾಜಾ ಹಿಕ್ಕೆ ಕಂಡೊಡನೆ ಗುದ್ದಲಿ ತೆಗೆಯಬಾರದು. ಅನುಮಾನವಿದ್ದರೆ ಎರಡು ಅಡಿ ಉದ್ದದಷ್ಟು ನೆಲವನ್ನು ಕುಂಚದಿಂದ ಗುಡಿಸಿ, ಮೇಲೆ ನಯವಾದ ಒಣಮಣ್ಣನ್ನು ಜರಡಿ ಹಿಡಿದು, ಕೆಲವು ಬೆಳಗು ನೋಡಿದರೆ ಯಾರು, ಯಾವ ದಿಕ್ಕಿನಿಂದ, ಎಷ್ಟು ಬಾರಿ ಬಂದರೆಂಬುದು ಅಲ್ಲಿಯೇ ಅಚ್ಚಾಗಿರುತ್ತದೆ. ಹೊಸ ಹಿಮ ಬಿದ್ದ ಮರುದಿನವಂತೂ ಇಡೀ ಜಮೀನೇ ಇಂಥ ಹಾಳೆಯಾಗುವುದರಿಂದ, ಹಿಮದಲ್ಲಿ ಟ್ರ್ಯಾಪ್ ಒಡ್ಡದವರೂ ಅಂದು ತಪ್ಪದೆ ಸುತ್ತಾಡಿ ನಕ್ಷೆಯಲ್ಲಿ ಗುರುತು ಮಾಡಿಕೊಳ್ಳುವುದು ಲಾಭಕರ. ಟ್ರೇಲ್ ಕ್ಯಾಮೆರಾ (ಪ್ರಾಣಿ ಹಾದಾಗ ತಾನಾಗಿಯೇ ಚಿತ್ರ ತೆಗೆಯುವಂಥದು) ಹಾಕುವುದಾದರೆ ಜಾಡಿನಿಂದ ದೂರಕ್ಕೆ, ಎತ್ತರಕ್ಕೆ ಕಟ್ಟಬೇಕು.

ನೆಲದ ರೂಪದಿಂದ ದಾರಿಯನ್ನು ಊಹಿಸುವುದು

ಕಯೋಟಿ ಶ್ರಮ ಉಳಿಸುವ ಪ್ರಾಣಿ. ಹಗಲು ಮಲಗುವ ಪೊದೆಯಿಂದ ರಾತ್ರಿ ಇಲಿ ಹಿಡಿಯುವ ಹುಲ್ಲುಬಯಲಿಗೆ ಹೋಗುವಾಗ ಟ್ರ್ಯಾಕ್ಟರ್ ಚಕ್ರದ ಜಾಡು, ದನಗಳು ಸವೆಸಿದ ಕಾಲುದಾರಿ, ಬೇಲಿಯ ಪಕ್ಕದ ಖಾಲಿ ಪಟ್ಟಿ, ಒಣಗಿದ ಹಳ್ಳದ ಮರಳು, ಕೆರೆಯ ಏರಿ, ಗಾಳಿ ತಡೆಯಲು ನೆಟ್ಟ ಮರಗಳ ಸಾಲಿನ ಅಂಚು, ಇವುಗಳನ್ನೇ ಹಿಡಿದು ಸಾಗುತ್ತದೆ. ಗುಡ್ಡದ ಸಾಲನ್ನು ದಾಟಬೇಕಾದರೆ ಎರಡು ದಿಣ್ಣೆಗಳ ನಡುವಿನ ತಗ್ಗನ್ನು ಆರಿಸಿಕೊಳ್ಳುತ್ತದೆ. ಉಪಗ್ರಹ ಚಿತ್ರವನ್ನು ಮುಂದಿಟ್ಟುಕೊಂಡು ಇಂಥ ರೇಖೆಗಳನ್ನೆಲ್ಲ ಎಳೆದರೆ, ಅವು ಕೂಡುವ ಕೆಲವೇ ಬಿಂದುಗಳು ಎದ್ದು ಕಾಣುತ್ತವೆ: ಬೇಲಿಯ ಮೂಲೆಗೆ ಹಳ್ಳ ಬಂದು ಸೇರುವಲ್ಲಿ, ಚಕ್ರದ ಜಾಡು ಗೇಟನ್ನು ದಾಟುವಲ್ಲಿ, ಕಾಡಿನ ಮೂಗಿನಂಥ ಚಾಚು ಹೊಲದೊಳಕ್ಕೆ ಬಂದಿರುವಲ್ಲಿ. ಒಂದು ದಾರಿಯ ನಡುಮಧ್ಯಕ್ಕಿಂತ ಮೂರು ದಾರಿಗಳು ಕೂಡುವ ಜಾಗ ಎಷ್ಟೋ ಮೇಲು, ಏಕೆಂದರೆ ಕಯೋಟಿ ಆ ರಾತ್ರಿ ಎತ್ತ ಹೊರಟಿದ್ದರೂ ಅಲ್ಲಿ ಹಾಯುವ ಸಂಭವ ಹೆಚ್ಚು.

ಹಂಗಾಮನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಏಪ್ರಿಲ್–ಮೇ ಹೊತ್ತಿಗೆ ಹುಟ್ಟಿದ ಮರಿಗಳಲ್ಲಿ ಹಲವು ಶರತ್ಕಾಲದಿಂದ ಚಳಿಗಾಲದ ಆರಂಭದವರೆಗೆ ತಾಯ್ನೆಲ ಬಿಟ್ಟು ಹೊರಡುತ್ತವೆ. ಅವು ಪರಿಚಯವಿಲ್ಲದ ನೆಲದಲ್ಲಿ ಹಳ್ಳ, ದಿಣ್ಣೆಯಂಥ ದೊಡ್ಡ ರೇಖೆಗಳನ್ನು ಹಿಡಿದು ನಡೆಯುತ್ತವೆ. ಜನವರಿಯಿಂದ ಮಾರ್ಚ್‌ವರೆಗಿನ ಕೂಡುವ ಕಾಲದಲ್ಲಿ ನೆಲೆನಿಂತ ಜೋಡಿಗಳು ತಮ್ಮ ಎಲ್ಲೆಯುದ್ದಕ್ಕೂ ಗುರುತು ಹಾಕುತ್ತ ಸುತ್ತುತ್ತವೆ, ಆಗ ಕೂಡುದಾರಿಗಳು ಇನ್ನೂ ಚುರುಕಾಗುತ್ತವೆ. ಕುರಿಮಂದೆಯ ರಕ್ಷಣೆಗಾಗಿಯೇ ಒಡ್ಡುವುದಾದರೆ ಜಮೀನಿನ ಎಲ್ಲ ಕಯೋಟಿಗಳ ಹಿಂದೆ ಬೀಳದೆ, ಮರಿ ಸತ್ತ ಜಾಗದಿಂದ ಹೊರಗೆ ಹೋದ ಹೆಜ್ಜೆಯನ್ನು ಹಿಂಬಾಲಿಸಿ, ಅದು ಬೇಲಿ ದಾಟಿದ ಕಿಂಡಿಯನ್ನು ಹುಡುಕುವುದು ಸರಿಯಾದ ಮಾರ್ಗ. ಮಂದೆಯ ತಂಟೆಗೆ ಬಾರದೆ ಇಲಿ ಹಿಡಿದುಕೊಂಡಿರುವ ಜೋಡಿಯನ್ನು ತೆಗೆದರೆ ಆ ನೆಲಕ್ಕೆ ಹೊಸ ಕಯೋಟಿ ಬಂದು ಕೂರುತ್ತದೆ, ಅದು ಕುರಿ ತಿನ್ನುವುದೇ ಆಗಿರಬಹುದು.

ಇಂಚಿನ ಲೆಕ್ಕ

ದಾರಿ ಗೊತ್ತಾದ ಮೇಲೆ ಅದರಲ್ಲಿ ಒಂದೇ ಒಂದು ಹೆಜ್ಜೆಯ ಜಾಗ ಆರಿಸಬೇಕು. ಬೇಲಿಯ ಕಿಂಡಿಯನ್ನೇ ತೆಗೆದುಕೊಳ್ಳೋಣ. ಮುಳ್ಳುತಂತಿಯ ಕೆಳಗಿನ ಎಳೆಯಲ್ಲಿ ನಾಲ್ಕಾರು ಬೂದುಕೂದಲು ಸಿಕ್ಕಿಕೊಂಡಿವೆ, ಕೆಳಗೆ ನೆಲ ತಟ್ಟೆಯಂತೆ ತಗ್ಗಾಗಿ ನುಣುಪಾಗಿದೆ, ಎರಡೂ ಬದಿಯಲ್ಲಿ ಹುಲ್ಲು ಬಾಗಿ ಒಂದು ಗೇಣಗಲದ ಓಣಿ ಮೂಡಿದೆ. ಹೊಸಬರಿಗೆ ತಂತಿಯ ನೇರ ಕೆಳಗೇ ಟ್ರ್ಯಾಪ್ ಹೂಳಬೇಕೆನಿಸುತ್ತದೆ. ಅದು ಎರಡು ಕಾರಣಕ್ಕೆ ತಪ್ಪು. ತಂತಿಯ ಕೆಳಗೆ ಪ್ರಾಣಿ ನಡೆಯುವುದಿಲ್ಲ, ಹೊಟ್ಟೆ ತಗ್ಗಿಸಿ ತೆವಳುತ್ತದೆ, ಅಲ್ಲಿ ತಟ್ಟೆಯ ಮೇಲೆ ಪಾದದ ಬದಲು ಎದೆ ಬೀಳಬಹುದು. ಇನ್ನು ಸಿಕ್ಕ ಪ್ರಾಣಿ ಸರಪಳಿಯೊಂದಿಗೆ ತಂತಿಗೆ ಸುತ್ತಿಕೊಂಡು ಗಾಯಮಾಡಿಕೊಳ್ಳುತ್ತದೆ. ಬೇಲಿ ಸಮೀಪಿಸುವ ಮುನ್ನ ಕಯೋಟಿ ಓಟ ನಿಲ್ಲಿಸಿ, ಆಚೆ ಇಣುಕಿ, ಚಿಕ್ಕ ಹೆಜ್ಜೆಗಳಲ್ಲಿ ಕಿಂಡಿಯತ್ತ ಬರುತ್ತದೆ. ಆ ಚಿಕ್ಕ ಹೆಜ್ಜೆಗಳು ಬೇಲಿಯಿಂದ ಎಂಟು–ಹತ್ತಡಿ ಹಿಂದಿನಿಂದಲೇ ಆರಂಭವಾಗಿದ್ದರೆ ಟ್ರ್ಯಾಪ್ ಅಲ್ಲಿ ಸೇರಬೇಕು. ಅಷ್ಟು ಹಿಂದಿನಿಂದ ಓಣಿ ಕಾಣದಿದ್ದರೆ ಆ ಕಿಂಡಿಯನ್ನು ಬಿಟ್ಟು ಬೇರೆ ನೋಡುವುದೇ ಲೇಸು.

ಒಣಹಳ್ಳದಿಂದ ದಡಕ್ಕೆ ಏರುವ ಜಾಗವೂ ಹೀಗೆಯೇ. ಏರಿನ ನಡುವೆ ಪ್ರಾಣಿ ಜಿಗಿಯಬಹುದು. ದಡ ಹತ್ತಿ ಸಮತಟ್ಟಿಗೆ ಬಂದ ಕೂಡಲೇ ನಿಂತು ಸುತ್ತ ನೋಡುತ್ತದೆ, ಆಮೇಲಿನ ಎರಡು ಮೂರು ಹೆಜ್ಜೆಗಳು ನಿಧಾನವಾಗಿರುತ್ತವೆ. ಆ ಎರಡು ಮೂರು ಹೆಜ್ಜೆಗಳ ಜಾಗವೇ ನಮಗೆ ಬೇಕಾದದ್ದು.

ಇಂಥ ಕಡೆ ಹಳೆಯ ಹೆಜ್ಜೆಗಳು ಒಂದರ ಮೇಲೊಂದು ಬಿದ್ದು ನೆಲವೇ ಬಟ್ಟಲಾಗಿದ್ದರೆ ತಟ್ಟೆಯ ನಡುಭಾಗ ಆ ಬಟ್ಟಲಿನ ನಡುವೆ ಬರಬೇಕು. ಹಾಗಿಲ್ಲದಿದ್ದರೆ ಅಲ್ಲಿಯೇ ಬಿದ್ದಿರುವ ಬೆರಳುಗಾತ್ರದ ಒಣಕಡ್ಡಿಯನ್ನೋ ಮಣ್ಣಹೆಂಟೆಯನ್ನೋ ದಾರಿಗೆ ಅಡ್ಡಲಾಗಿ ಇಟ್ಟರೆ ಕಯೋಟಿ ಅದನ್ನು ತುಳಿಯದೆ ದಾಟಿ ಪಕ್ಕದ ಮೆತ್ತನೆಯ ಮಣ್ಣಿನಲ್ಲಿ ಕಾಲಿಡುತ್ತದೆ. ಟ್ರ್ಯಾಪಿನ ಎರಡೂ ಬದಿಯಲ್ಲಿ, ಕೆಲವು ಇಂಚು ದೂರದಲ್ಲಿ ಒಂದೊಂದು ಕಡ್ಡಿಯಿದ್ದರೆ ಎತ್ತಲಿಂದ ಬಂದರೂ ಹೆಜ್ಜೆ ನಡುವೆ ಬೀಳುತ್ತದೆ. ಮಿತಿ ಮೀರಬಾರದು: ನೆನ್ನೆಯವರೆಗೆ ಬರಿದಾಗಿದ್ದ ದಾರಿಯಲ್ಲಿ ಇಂದು ಕಲ್ಲು, ಕಡ್ಡಿ, ಮುಳ್ಳುಕೊಂಬೆಗಳ ಸಾಲು ಕಂಡರೆ ಅದು ಬದಿಯಿಂದ ಸುತ್ತಿಕೊಂಡು ಹೋಗುತ್ತದೆ. ಬೇಲಿ ಕಟ್ಟಿದಂತೆ ಕಡ್ಡಿ ನೆಡಬೇಕಾದ ಜಾಗ ಮೊದಲೇ ತಪ್ಪಾದ ಜಾಗ. ಬದಿಯಲ್ಲಿ ಸಹಜವಾಗಿಯೇ ಹುಲ್ಲುಗಂಟೋ ಕಲ್ಲೋ ಇದ್ದು ದಾರಿ ತಾನಾಗಿಯೇ ಕಿರಿದಾಗಿರುವ ಕಡೆ ನಮ್ಮ ಕೈ ಆಡಬೇಕಾದದ್ದು ಬಹಳ ಕಡಿಮೆ.

ಚಕ್ರದ ಜಾಡಿನಂಥ ಅಗಲ ದಾರಿಯಲ್ಲಿ ಹೆಜ್ಜೆಯನ್ನು ಇಷ್ಟು ಕಟ್ಟಿಹಾಕಲು ಆಗುವುದಿಲ್ಲ. ಅಲ್ಲಿ ದಾರಿಯ ಪಕ್ಕದಲ್ಲಿ, ಕೈಯಳತೆಯಲ್ಲಿ, ಒಂದು ಹುಲ್ಲುಗಂಟಿನ ಬುಡಕ್ಕೆ ಕೆಲವೇ ಹನಿ ಕಯೋಟಿ ಮೂತ್ರ ಬಿಟ್ಟು ಅದರ ಮುಂದೆ ಟ್ರ್ಯಾಪ್ ಒಡ್ಡುವ ರೂಢಿಯಿದೆ. ಈ ಬಗೆಯಲ್ಲಿ ಗಾಳಿಯ ದಿಕ್ಕು ಮುಖ್ಯವಾಗುತ್ತದೆ: ಆ ಪ್ರದೇಶದಲ್ಲಿ ಗಾಳಿ ಸಾಮಾನ್ಯವಾಗಿ ಎತ್ತಲಿಂದ ಬೀಸುತ್ತದೋ ದಾರಿಯ ಆ ಬದಿಯಲ್ಲಿ ಹುಲ್ಲುಗಂಟನ್ನು ಆರಿಸಿದರೆ ವಾಸನೆ ದಾರಿಯನ್ನು ಅಡ್ಡ ಹಾಯ್ದು ಹೋಗುತ್ತದೆ. ಅಮೆರಿಕದ ಬಯಲುಸೀಮೆಯ ಚಳಿಗಾಲದಲ್ಲಿ ವಾಯವ್ಯದ ಗಾಳಿ ಹೆಚ್ಚಾದ್ದರಿಂದ ಅಲ್ಲಿನವರು ದಾರಿಯ ಉತ್ತರ ಅಥವಾ ಪಶ್ಚಿಮದ ಬದಿಗೆ ಒಲವು ತೋರುವುದು ಸಹಜ.

ಬಿಡಬೇಕಾದ ಜಾಗಗಳು

ದಾರಿ ಚೆನ್ನಾಗಿದ್ದಷ್ಟೂ ಅದನ್ನು ಬಳಸುವವರು ಹೆಚ್ಚು. ಜನರು ನಾಯಿಯೊಂದಿಗೆ ತಿರುಗಾಡುವ ದಾರಿ, ಮಂದೆಗಾವಲಿನ ನಾಯಿಗಳು ಕಾಯುವ ಎಲ್ಲೆ, ದನಗಳು ನೀರಿಗೆ ಹೋಗುವ ಓಣಿ, ಇವುಗಳಲ್ಲಿ ಕಯೋಟಿಯ ಹೆಜ್ಜೆ ಎಷ್ಟೇ ಇದ್ದರೂ ಟ್ರ್ಯಾಪ್ ಸಲ್ಲದು. ದನಗಳನ್ನು ಬೇರೆ ಹುಲ್ಲುಗಾವಲಿಗೆ ಅಟ್ಟಿದ ಮೇಲೆ ಅದೇ ಓಣಿ ಉತ್ತಮ ಜಾಗವಾಗುವುದುಂಟು. ಜಿಂಕೆಗಳ ಗೊರಸು ಮೂಡಿದ ಓಣಿಯನ್ನು ನಾನಂತೂ ಬಿಟ್ಟುಬಿಡಿ ಎಂದೇ ಹೇಳುತ್ತೇನೆ. ಬಾಗಿದ ಕೊಂಬೆಯ ಕೆಳಗೆ ಕಯೋಟಿ ನುಸುಳುವ, ಜಿಂಕೆ ಬಳಸಿ ಹೋಗುವ ಕವಲು ಪಕ್ಕದಲ್ಲಿಯೇ ಸಿಗುತ್ತದೆ. ತಟ್ಟೆಯನ್ನು 2ರಿಂದ 4 ಪೌಂಡ್ ಒತ್ತಡಕ್ಕೆ ಬಿಗಿ ಮಾಡಿದರೆ ಚಿಕ್ಕ ಪ್ರಾಣಿಗಳಲ್ಲಿ ಹಲವು ತುಳಿದರೂ ಪಾರಾಗುತ್ತವೆ, ಆದರೆ ಒಂಬತ್ತರಿಂದ ಇಪ್ಪತ್ತು ಕಿಲೋ ತೂಗುವ ಕಯೋಟಿಯಷ್ಟೇ ತೂಕದ ಸಾಕುನಾಯಿಗೆ ಈ ಬಿಗಿತದಿಂದ ಯಾವ ರಕ್ಷಣೆಯೂ ಇಲ್ಲ.

ಸಿಕ್ಕ ಪ್ರಾಣಿ ಸುತ್ತುವ ವೃತ್ತವನ್ನೂ ಜಾಗ ಆರಿಸುವಾಗಲೇ ಕಣ್ಣಳತೆ ಮಾಡಬೇಕು. ಸರಪಳಿಯ ಅಳತೆಯೊಳಗೆ ಬೇಲಿಗೂಟ, ಗಟ್ಟಿ ಬೇರು, ಗಿಡದ ಬೊಡ್ಡೆ, ಕಡಿದಾದ ದಡ, ನೀರು ಯಾವುದೂ ಇರಬಾರದು. ಗೂಟಕ್ಕೆ ಬಿಗಿದ ಗಿಡ್ಡ ಸರಪಳಿ, ಅದರಲ್ಲಿ ಸರಾಗವಾಗಿ ತಿರುಗುವ ತಿರುಗಣಿಗಳು, ಪೂರ್ತಿ ಕೂಡದ ದವಡೆಗಳು, ಇವು ಕಾಲಿಗೆ ಆಗುವ ಗಾಯವನ್ನು ಕಡಿಮೆ ಮಾಡುತ್ತವೆ. ಅಮೆರಿಕದ ರಾಜ್ಯ ವನ್ಯಜೀವಿ ಇಲಾಖೆಗಳ ಒಕ್ಕೂಟವು ಪ್ರಾಣಿವಾರು ಪ್ರಕಟಿಸಿರುವ ಉತ್ತಮ ಪದ್ಧತಿಗಳ ಮಾರ್ಗಸೂಚಿಯಲ್ಲಿ ಕಯೋಟಿಗೆ ಪರೀಕ್ಷಿಸಿ ಒಪ್ಪಿದ ಟ್ರ್ಯಾಪ್‌ಗಳ ವಿವರ ಸಿಗುತ್ತದೆ.

ಮಣ್ಣು, ಹಿಮ, ನಮ್ಮದೇ ಹೆಜ್ಜೆ

ಮಳೆನೀರು ನಿಲ್ಲುವ ಚಕ್ರದ ಗುಳಿಯಲ್ಲಿ ಹೂತ ಟ್ರ್ಯಾಪ್ ಮೊದಲ ಹಿಮರಾತ್ರಿಗೆ ಕಲ್ಲಾಗುತ್ತದೆ. ಮರಳು ಬೆರೆತು ನೀರು ಇಂಗುವ ದಿಬ್ಬದ ನೆತ್ತಿ, ಸೂಜಿಎಲೆಯ ಮರಗಳ ಬುಡದ ಒಣನೆಲ ಇವು ಹೆಚ್ಚು ದಿನ ಬಾಳುತ್ತವೆ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಹಗಲು ಕರಗಿದ ಹಿಮ ರಾತ್ರಿ ಮತ್ತೆ ಗಟ್ಟಿಯಾಗುವುದರಿಂದ ಅದು ತೋರುವಷ್ಟು ಒಳ್ಳೆಯದಲ್ಲ. ಅಲ್ಲಿಯೇ ಒಡ್ಡಬೇಕಾದರೆ ಒಣ ಪೀಟ್ (ಜೌಗುನೆಲದ ಕೊಳೆತ ಸಸ್ಯಪುಡಿ) ಅಥವಾ ಮೇಣ ಬೆರೆಸಿದ ಮಣ್ಣನ್ನು ಬಳಸಬೇಕು. ಟ್ರ್ಯಾಪ್ ಅಲುಗದಂತೆ ಕೂತಿರಬೇಕು, ತಟ್ಟೆಯ ಮೇಲೆ ಕಾಲು ಇಂಚಿನಿಂದ ಅರ್ಧ ಇಂಚು ಜರಡಿಮಣ್ಣು ಸಾಕು. ತುಳಿದಾಗ ಒಂದು ಮೂಲೆ ಅಲುಗಿದರೂ ಕಯೋಟಿ ಕಾಲೆತ್ತಿ ನಿಲ್ಲುತ್ತದೆ, ನಂತರ ಅಲ್ಲಿಯೇ ಕೆದಕಿ ಟ್ರ್ಯಾಪನ್ನು ಬಯಲಿಗೆ ತರುತ್ತದೆ.

ಜಾಡಿನ ಮೇಲೆ ನಾವು ನಡೆಯಬಾರದು. ಪಕ್ಕದಿಂದ ಬಂದು, ಬಟ್ಟೆಯ ಮೇಲೆ ಮೊಣಕಾಲೂರಿ, ಅಗೆದ ಹೆಚ್ಚಿನ ಮಣ್ಣನ್ನು ಬಕೆಟ್ಟಿನಲ್ಲಿ ಹೊತ್ತೊಯ್ದು, ಬಂದ ದಾರಿಯಲ್ಲಿಯೇ ಹಿಂತಿರುಗಬೇಕು. ಪ್ರತಿದಿನ ನೋಡುವಾಗಲೂ ಹತ್ತಿರ ಹೋಗದೆ ದೂರದ ಗಾಡಿದಾರಿಯಿಂದ ದುರ್ಬೀನಿನಲ್ಲಿ ಕಾಣುವಂತಿರುವ ಜಾಗ ಸಿಕ್ಕರೆ ಅರ್ಧ ತಲೆನೋವು ಹೋದಂತೆ, ಆದರೆ ಹೆದ್ದಾರಿಯಲ್ಲಿ ಹೋಗುವವರ ಕಣ್ಣಿಗೂ ಅದು ಬೀಳುವಂತಿರಬಾರದು.

ಕಯೋಟಿ ಸಿಕ್ಕ ಮೇಲೆ ಆ ಜಾಡಿನ ರೂಪ ಕೆಡುತ್ತದೆ. ಪ್ರಾಣಿ ಕೆದಕಿದ ವೃತ್ತದ ವಾಸನೆಗೆ ಇತರ ಕಯೋಟಿಗಳು ಬರುತ್ತವೆಯಾದರೂ ಹಳೆಯ ಹೆಜ್ಜೆಯ ಸಾಲಿನಲ್ಲಿ ನಡೆಯದೆ ಅಂಚಿನಲ್ಲಿ ಸುತ್ತುತ್ತವೆ. ಹಾಗಾಗಿ ಅದೇ ಕುಳಿಯಲ್ಲಿ ಮತ್ತೆ ಹೂಳುವ ಬದಲು, ಅದೇ ದಾರಿಯಲ್ಲಿ ಮೂವತ್ತು–ನಲವತ್ತು ಅಡಿ ಆಚೆ ಇನ್ನೊಂದು ಇಕ್ಕಟ್ಟಿನ ಜಾಗವನ್ನು ಮೊದಲ ದಿನವೇ ಗುರುತಿಸಿ ಇಟ್ಟುಕೊಂಡಿರಬೇಕು. ಹಂಗಾಮು ಮುಗಿಯುವ ದಿನ ಪ್ರತಿ ಟ್ರ್ಯಾಪನ್ನೂ ನಕ್ಷೆಯ ಗುರುತಿನೊಂದಿಗೆ ತಾಳೆ ನೋಡಿ ಕಿತ್ತು, ಗೂಟ ಎಳೆದ ತೂತನ್ನು ಮುಚ್ಚಿ, ಬೇಲಿಯ ಗೇಟು ಮೊದಲು ಹೇಗಿತ್ತೋ ಹಾಗೆಯೇ ಬಿಟ್ಟು ಬರಬೇಕು.